ಕಾಡು ಭತ್ತ ಕೊಟ್ಟ ಕಾವಲು

ಪೈರಿಗೆ ಹುಳು ಬಿದ್ದರೆ ಔಷಧಿ ಹೊಡೆಯುತ್ತೀರಿ. ಬೂಷ್ಟು ರೋಗ ಬಂದರೂ ಸಿಂಪಡಿಸುವುದಕ್ಕೆ ಏನಾದರೊಂದು ಉಂಟು. ಆದರೆ ನಂಜುರೋಗ, ಅಂದರೆ ವೈರಸ್ ರೋಗ ಬಂದರೆ? ರೋಗ ಹತ್ತಿದ ಗಿಡವನ್ನು ವಾಸಿ ಮಾಡುವ ಔಷಧಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಗಿಡ ತನ್ನನ್ನು ತಾನೇ ಕಾಪಾಡಿಕೊಳ್ಳಬೇಕು. ಆ ಶಕ್ತಿ ಗಿಡಕ್ಕೆ ಎಲ್ಲಿಂದ ಬರುತ್ತದೆ, ಅದನ್ನು ನಮ್ಮ ತಳಿಗಳಿಗೆ ತಂದದ್ದು ಹೇಗೆ, ತಂದದ್ದು ಎಷ್ಟು ಕಾಲ ಉಳಿಯಿತು ಎಂಬ ಚರಿತ್ರೆಯನ್ನು ಈ ದಿನ ನಿಮ್ಮ ಮುಂದೆ ಇಡುತ್ತೇನೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಒಂದೇ ರೋಗ ಊರಿಗೆಲ್ಲ ಬಂದಾಗ ಒಬ್ಬರ ಹೊಲದ ತಳಿ ನೆಲ ಕಚ್ಚುತ್ತದೆ, ಪಕ್ಕದ ಹೊಲದ್ದು ತಡೆದು ನಿಲ್ಲುತ್ತದೆ. ಇದು ನಮ್ಮ ಹಿರಿಯರಿಗೂ ಗೊತ್ತಿದ್ದ ಮಾತು. ಕಾರಣ ಮಾತ್ರ ತಿಳಿದಿರಲಿಲ್ಲ. 1866ರಲ್ಲಿ ಮೆಂಡೆಲ್ ಎಂಬ ಪಾದ್ರಿ ಬಟಾಣಿ ಗಿಡಗಳನ್ನು ಕೂಡಿಸಿ ಬೆಳೆದು, ಗಿಡದ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಒಂದು ಲೆಕ್ಕದಂತೆ ಹರಿದು ಬರುತ್ತವೆ ಎಂದು ಬರೆದಿಟ್ಟ. 1905ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಬಿಫೆನ್ ಎಂಬುವರು ಅದೇ ಲೆಕ್ಕವನ್ನು ಗೋಧಿಯ ಹಳದಿ ತುಕ್ಕು ರೋಗಕ್ಕೆ ಹಚ್ಚಿ ನೋಡಿದರು. ರೋಗ ತಡೆಯುವ ಗೋಧಿಯನ್ನೂ ತಡೆಯದ ಗೋಧಿಯನ್ನೂ ಕೂಡಿಸಿದಾಗ ಮೊದಲ ತಲೆಮಾರಿಗೆಲ್ಲ ತುಕ್ಕು ಹತ್ತಿತು. ಎರಡನೆಯ ತಲೆಮಾರಿನಲ್ಲಿ ಮೂರು ಪಾಲು ತುಕ್ಕಿನವು, ಒಂದು ಪಾಲು ಚೊಕ್ಕವಾದವು. ರೋಗ ತಡೆಯುವ ಶಕ್ತಿಯೂ ಕಾಳಿನ ಬಣ್ಣದ ಹಾಗೆ, ಗಿಡದ ಎತ್ತರದ ಹಾಗೆ, ಬೀಜದಲ್ಲೇ ಬರುವ ಆಸ್ತಿ ಎಂದು ಆಗ ಗೊತ್ತಾಯಿತು.

ಈ ಗುಣದ ಅಣತಿ ಬರೆದಿರುವ ಜಾಗಕ್ಕೆ ವಂಶವಾಹಿ ಅಥವಾ ಜೀನ್ ಅನ್ನುತ್ತಾರೆ. ಅದರ ಕೆಲಸವನ್ನು ನಮ್ಮ ಊರಿನ ಮಾತಿನಲ್ಲೇ ಹೇಳುತ್ತೇನೆ, ಕೇಳಿ. ಊರಿಗೆ ಒಬ್ಬ ತಳವಾರ ಇದ್ದಾನೆ ಅನ್ನಿ. ಕಳ್ಳನ ಗುರುತು ಅವನಿಗೆ ಗೊತ್ತು. ಕಂಡ ಕೂಡಲೇ ಕೂಗು ಹಾಕುತ್ತಾನೆ. ಗಿಡದೊಳಗೂ ಇಂಥ ಕಾವಲುಗಾರರು ಉಂಟು. ರೋಗಾಣು ಒಳಗೆ ಬಂದದ್ದು ತಿಳಿದರೆ, ಅದು ಬಂದ ಜಾಗದ ಸುತ್ತಿನ ಜೀವಕಣಗಳು ತಾವಾಗಿಯೇ ಸತ್ತು ಬೇಲಿಯಾಗುತ್ತವೆ. ಎಲೆಯ ಮೇಲೆ ಸೂಜಿಮೊನೆಯಷ್ಟು ಕಲೆ ಉಳಿದು ರೋಗ ಅಲ್ಲೇ ನಿಂತುಹೋಗುತ್ತದೆ. ವೈರಸ್ಸಿನ ವಿಷಯದಲ್ಲಿ ಇನ್ನೊಂದು ಉಪಾಯವೂ ಇದೆ. ವೈರಸ್ ತನ್ನ ಸಂತಾನ ಬೆಳೆಸಲು ಬಳಸುವ ಎಳೆಯನ್ನೇ ಗಿಡ ತುಂಡು ತುಂಡಾಗಿ ಕತ್ತರಿಸಿ ಹಾಕುತ್ತದೆ.

ಆದರೆ ಕಳ್ಳ ವೇಷ ಬದಲಾಯಿಸಿದರೆ? ಅಮೆರಿಕದ ಉತ್ತರ ಡಕೋಟದಲ್ಲಿ ಫ್ಲೋರ್ ಎಂಬ ವಿಜ್ಞಾನಿ 1940ರ ದಶಕದಲ್ಲಿ ಅಗಸೆ ಬೆಳೆಯ ತುಕ್ಕು ರೋಗದಲ್ಲಿ ಇದನ್ನು ಕಂಡುಹಿಡಿದರು. ಗಿಡದಲ್ಲಿ ಒಂದು ಕಾವಲು ಜೀನ್ ಇದ್ದರೆ, ಅದಕ್ಕೆ ಜೋಡಿಯಾಗಿ ರೋಗಾಣುವಿನಲ್ಲೂ ಒಂದು ಜೀನ್ ಇರುತ್ತದೆ. ರೋಗಾಣುವಿನ ಆ ಜೀನ್ ಬದಲಾದರೆ ತಳವಾರ ಗುರುತು ಹಿಡಿಯಲಾರ. ಈ ಮಾತನ್ನು ಗಂಟು ಹಾಕಿ ಇಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಈಗ ಭತ್ತದ ಗದ್ದೆಗೆ ಬರೋಣ. 1966ರಲ್ಲಿ ಫಿಲಿಪೈನ್ಸ್ ದೇಶದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ ಐ.ಆರ್. 8 ಎಂಬ ಗಿಡ್ಡ ತಳಿ ಹೊರಬಂತು. ಗೊಬ್ಬರ ಹಾಕಿದರೂ ಮಲಗದೆ ತುಂಬ ಇಳುವರಿ ಕೊಟ್ಟಿತು. ಆದರೆ ಒಂದೇ ತಳಿ ದೇಶದಗಲ ಹಬ್ಬಿ, ವರ್ಷವಿಡೀ ಗದ್ದೆಯಲ್ಲಿ ಪೈರು ನಿಂತಾಗ ಕಂದು ಜಿಗಿಹುಳುವಿಗೆ ಹಬ್ಬವಾಯಿತು. ಈ ಹುಳು ಬುಡದಲ್ಲಿ ಕೂತು ರಸ ಹೀರುವುದು ಒಂದು ಕೇಡು. ಅದಕ್ಕಿಂತ ದೊಡ್ಡ ಕೇಡು ಅದು ಹೊತ್ತು ತರುವ ನಂಜು. ಇಂಗ್ಲಿಷಿನಲ್ಲಿ ಗ್ರಾಸಿ ಸ್ಟಂಟ್ ಅನ್ನುವ ಈ ರೋಗವನ್ನು ನಾವು ಹುಲ್ಲುಗಿಡ್ಡ ರೋಗ ಎನ್ನೋಣ. ರೋಗ ಹತ್ತಿದ ಗಿಡ ಕುಳ್ಳಾಗುತ್ತದೆ. ಲೆಕ್ಕವಿಲ್ಲದಷ್ಟು ತೆಂಡೆ ಒಡೆದು ಹುಲ್ಲಿನ ಗುಪ್ಪೆಯಂತೆ ನಿಲ್ಲುತ್ತದೆ. ಎಲೆ ಸಣ್ಣಗಾಗಿ, ಬಿಳಿಚಿಕೊಂಡು, ತುಕ್ಕಿನ ಚುಕ್ಕೆ ತಾಳುತ್ತದೆ. ತೆನೆ ಬರುವುದಿಲ್ಲ, ಬಂದರೂ ಜಳ್ಳು.

ಸಂಸ್ಥೆಯವರು ತಮ್ಮಲ್ಲಿ ಕೂಡಿಟ್ಟಿದ್ದ ಭತ್ತದ ಬೀಜಗಳನ್ನೆಲ್ಲ ಒಂದೊಂದಾಗಿ ಪರೀಕ್ಷೆಗೆ ಇಟ್ಟರು. ರೋಗದ ಗಿಡದ ಮೇಲೆ ಜಿಗಿಹುಳು ಸಾಕುವುದು, ಆ ಹುಳುಗಳನ್ನು ಹೊಸ ಸಸಿಗಳ ಮೇಲೆ ಬಿಡುವುದು, ಯಾವುದು ತಡೆಯುತ್ತದೆ ಎಂದು ಕಾಯುವುದು. 6,000ಕ್ಕೂ ಹೆಚ್ಚು ಬಗೆ ನೋಡಿದರು. ಒಂದೇ ಒಂದು ತಡೆದು ನಿಂತಿತು. ಅದು ಯಾವ ರೈತನೂ ಬಿತ್ತಿದ ತಳಿಯಾಗಿರಲಿಲ್ಲ. 1963ರಲ್ಲಿ ನಮ್ಮ ದೇಶದ ಉತ್ತರ ಪ್ರದೇಶದಲ್ಲಿ ಆರಿಸಿ ತಂದಿದ್ದ ಒಂದು ಕಾಡು ಭತ್ತ! 1965ರಲ್ಲಿ ಶರ್ಮಾ ಮತ್ತು ಶಾಸ್ತ್ರಿ ಎಂಬ ನಮ್ಮವರೇ ಇಬ್ಬರು ವಿಜ್ಞಾನಿಗಳು ಈ ಜಾತಿಗೆ ಒರೈಜ ನಿವಾರ ಎಂದು ಹೆಸರಿಟ್ಟರು. ಋಷಿಗಳು ಆರಿಸಿ ತಂದು ಉಣ್ಣುತ್ತಿದ್ದರೆಂದು ಪುರಾಣಗಳಲ್ಲಿ ಕೇಳುವ ನೀವಾರ ಧಾನ್ಯದ ಹೆಸರೇ ಅದು.

ಈ ಕಾಡು ಭತ್ತವನ್ನು ನೇರವಾಗಿ ಬೆಳೆಯಲಾಗುವುದಿಲ್ಲ. ಕಾಳು ಹಣ್ಣಾಗುತ್ತಲೇ ಉದುರುತ್ತದೆ, ಇಳುವರಿ ಇಲ್ಲ. ಬೇಕಾದದ್ದು ಅದರ ಒಂದು ಜೀನ್ ಮಾತ್ರ. ಪಂಜಾಬಿನ ಹಳ್ಳಿಯಲ್ಲಿ ಹುಟ್ಟಿದ ಗುರುದೇವ್ ಖುಷ್ ಮತ್ತು ಅವರ ಸಂಗಡಿಗರು ಅದನ್ನು ಸಾಗುವಳಿ ತಳಿಯ ಜೊತೆ ಕೂಡಿಸಿದರು. ಹುಟ್ಟಿದ ಪೈರಿನಲ್ಲಿ ಅರ್ಧ ಕಾಡಿನ ರಕ್ತ. ಅದನ್ನು ಮತ್ತೆ ಸಾಗುವಳಿ ತಳಿಗೇ ಕೂಡಿಸಿದರೆ ಕಾಲು ಪಾಲು. ಇನ್ನೊಮ್ಮೆ ಕೂಡಿಸಿದರೆ ಎಂಟನೆಯ ಒಂದು, ಮತ್ತೊಮ್ಮೆ ಕೂಡಿಸಿದರೆ ಹದಿನಾರನೆಯ ಒಂದು. ಪ್ರತಿ ಸಲವೂ ಸಸಿಗಳ ಮೇಲೆ ನಂಜಿನ ಹುಳು ಬಿಟ್ಟು, ತಡೆದವನ್ನಷ್ಟೇ ಉಳಿಸಿಕೊಂಡರು. ಹೀಗೆ ಕಾಡುಗುಣ ಕರಗುತ್ತ ಬಂತು, ಕಾವಲಿನ ಜೀನ್ ಮಾತ್ರ ಉಳಿಯಿತು.

1974ರಲ್ಲಿ ಐ.ಆರ್. 28, 29, 30 ಎಂಬ ತಳಿಗಳು ಈ ಕಾವಲಿನೊಂದಿಗೆ ರೈತರ ಕೈ ಸೇರಿದವು. 1976ರಲ್ಲಿ ಬಂದ ಐ.ಆರ್. 36 ಸುಮಾರು 110 ದಿನದಲ್ಲೇ ಕೊಯ್ಲಿಗೆ ಬರುತ್ತಿತ್ತು. 1980ರ ದಶಕದಲ್ಲಿ ಅದು ಲೋಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಹೆಕ್ಟೇರಿನಲ್ಲಿ ಹಬ್ಬಿತ್ತು. ನಮ್ಮ ನಾಲೆ ಬಯಲಿನ ಅನೇಕರು ಬೆಳೆದ, 1985ರ ಐ.ಆರ್. 64 ತಳಿಯ ವಂಶದಲ್ಲೂ ಅದೇ ನೀವಾರ ಇದೆ. ಕಾಲುವೆಯಂಚಿನ ಹುಲ್ಲೊಂದರ ಋಣ ನಮ್ಮ ಅನ್ನದ ತಟ್ಟೆಯಲ್ಲಿದೆ ಎಂದರೆ ತಪ್ಪಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಜಿಗಿಹುಳುವನ್ನೇ ತಡೆಯುವ ಐ.ಆರ್. 26 ತಳಿ 1973ರಲ್ಲಿ ಬಂದಿತ್ತು. ಮೂರು ವರ್ಷದೊಳಗೆ ಫಿಲಿಪೈನ್ಸ್, ಇಂಡೊನೇಷ್ಯಗಳಲ್ಲಿ ಅದನ್ನೂ ತಿಂದು ಬದುಕುವ ಹುಳುವಿನ ಪೀಳಿಗೆ ಎದ್ದಿತು. 1980ರ ದಶಕದ ಮೊದಲಲ್ಲಿ ಫಿಲಿಪೈನ್ಸ್‌ನಲ್ಲಿ ಹುಲ್ಲುಗಿಡ್ಡ ರೋಗದ ವೈರಸ್ಸೂ ಹೊಸ ಬಗೆಯಾಗಿ ಬಂತು. ನೀವಾರದ ಜೀನ್ ಅದರ ಮುಂದೆ ನಿಲ್ಲಲಿಲ್ಲ. ಆಗ ಗಂಟು ಹಾಕಿಕೊಳ್ಳಿ ಎಂದೆನಲ್ಲ, ಅದೇ ಮಾತು: ಕಳ್ಳ ವೇಷ ಬದಲಾಯಿಸಿದ.

ಹಾಗಾದರೆ ರೋಗ ತಡೆಯುವ ತಳಿ ಬಿತ್ತಿ ಏನು ಪ್ರಯೋಜನ ಅಂತೀರಾ? ಪ್ರಯೋಜನ ಖಂಡಿತ ಉಂಟು. ಎಷ್ಟೋ ಬೆಳೆ ಉಳಿದದ್ದು ಅದರಿಂದಲೇ. ಆದರೆ ತಳವಾರ ಇದ್ದಾನೆಂದು ಬಾಗಿಲು ತೆರೆದು ಮಲಗಬಾರದು. ನೀವು ಮಾಡಬೇಕಾದದ್ದು ಇಷ್ಟು:

ಊರಿಗೆಲ್ಲ ಒಂದೇ ತಳಿ ಬೇಡ. ಎರಡು ಮೂರು ತಳಿ ಇರಲಿ. ಅಕ್ಕಪಕ್ಕದವರು ಮಾತಾಡಿಕೊಂಡು ಒಂದೇ ಹೊತ್ತಿಗೆ ನಾಟಿ ಮಾಡಿ. ಕೊಯ್ಲಾದ ಮೇಲೆ ಕೂಳೆ ಚಿಗುರಲು ಬಿಡಬೇಡಿ, ಉತ್ತುಬಿಡಿ. ನಂಜೂ ಹುಳುವೂ ಅದರಲ್ಲೇ ಉಳಿಯುತ್ತವೆ. ಯೂರಿಯ ಅತಿಯಾಗಿ ಸುರಿಯಬೇಡಿ. ನಾಟಿಯಲ್ಲಿ ಎರಡು ಮೂರು ಮೀಟರಿಗೊಂದು ಅಡಿಯಗಲದ ಓಣಿ ಬಿಡಿ, ಬುಡಕ್ಕೆ ಗಾಳಿ ಬೆಳಕು ಸಿಗಲಿ. ಹುಳು ಕಂಡರೆ ನೀರು ಬಸಿಯಿರಿ. ಕಂಡ ಕಂಡ ಔಷಧಿ ಹೊಡೆದರೆ ಜಿಗಿಹುಳುವನ್ನು ತಿನ್ನುವ ಜೇಡವೇ ಮೊದಲು ಸಾಯುತ್ತದೆ. ಗಿಡ್ಡಾದ ಗಿಡವನ್ನು ಕಿತ್ತು ಹೂತುಬಿಡಿ.

ಕೊನೆಯ ಮಾತು ತಾಯಂದಿರಿಗೆ. ಮನೆಯ ವಾಡೆಯಲ್ಲಿ ಅತ್ತೆಯ ಕಾಲದಿಂದ ಬಂದ ಭತ್ತವೋ ರಾಗಿಯೋ ಇದ್ದರೆ, ಇಳುವರಿ ಕಡಿಮೆ ಎಂದು ಎಸೆಯಬೇಡಿ. ಮೂಲೆಯ ಒಂದು ಮಡಿಯಲ್ಲಿ ಪ್ರತಿ ವರ್ಷ ಬಿತ್ತಿ ಬೀಜ ಉಳಿಸಿ. ಒಂದು ಹಿಡಿಯನ್ನು ಹೆಸರು ಬರೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ಮುಂದಿನ ರೋಗಕ್ಕೆ ಬೇಕಾದ ಕಾವಲು ಯಾವ ಗಡಿಗೆಯಲ್ಲಿದೆಯೋ, ಅದು ಬಿತ್ತಿ ನೋಡಿದಾಗಲೇ ತಿಳಿಯುವುದು.