ತಂತಿ ಕಳ್ಳರ ಬೆನ್ನಿಗಿದ್ದವರು

ಮಿಡಿಗೇಶಿ, ಮಧುಗಿರಿ, ಪಾವಗಡಗಳ ಬೆಟ್ಟದ ಕೋಟೆಗಳನ್ನು ಬಹುಕಾಲ ಪಾಳೆಯಗಾರರು, ಎಂದರೆ ದಂಡು ಕಟ್ಟಿಕೊಂಡು ಸೀಮೆಯ ಕಂದಾಯ ಎತ್ತುತ್ತಿದ್ದ ಸ್ಥಳೀಯ ಒಡೆಯರು, ಆಳಿದರು. 1761ರಲ್ಲಿ ಹೈದರಾಲಿ ಶಿರಾವನ್ನು ಹಿಡಿದ ಮೇಲೆ ಈ ಭಾಗ ಮೈಸೂರಿನ ತೆಕ್ಕೆಗೆ ಬರತೊಡಗಿತು. ತೆಂಕಣಕ್ಕೆ ಬೆಂಗಳೂರಿಗೂ ಬಡಗಣಕ್ಕೆ ಬಳ್ಳಾರಿ, ಅನಂತಪುರಗಳ ಬಾಲಾಘಾಟ್ ಸೀಮೆಗೂ ನಡುವೆ ಇದ್ದ ಈ ಬಯಲು ವ್ಯಾಪಾರಿಗಳು, ಯಾತ್ರಿಕರು ಮತ್ತು ರಜೆಯ ಮೇಲೆ ಊರಿಗೆ ಹೊರಟ ಸಿಪಾಯಿಗಳು ಕಾಲ್ನಡಿಗೆಯಲ್ಲಿ ದಾಟಬೇಕಾಗಿದ್ದ ಪ್ರದೇಶವಾಗಿತ್ತು. ಮದರಾಸಿನ ಕೋಟೆಯಲ್ಲಿ ವೈದ್ಯನಾಗಿದ್ದ ರಿಚರ್ಡ್ ಶೆರ್ವುಡ್ 1816ರಲ್ಲಿ ಬರೆದ ಪ್ರಬಂಧವು ಮೈಸೂರಿನಲ್ಲಿ, ಬಾಲಾಘಾಟಿನಲ್ಲಿ ಹಾಗೂ ಚಿತ್ತೂರಿನ ಪಾಳೆಯಪಟ್ಟುಗಳಲ್ಲಿ ಇಂಥ ದಾರಿಹೋಕರ ಕುತ್ತಿಗೆಗೆ ಉರುಲು ಬಿಗಿದು ಕೊಲ್ಲುತ್ತಿದ್ದ ತಂಡಗಳನ್ನು ವಿವರಿಸುತ್ತದೆ. ಕಂಪನಿ ಸರ್ಕಾರದ ಕಾಗದಗಳಲ್ಲಿ ಅವರು ಫಾನ್ಸಿಗಾರರು, ಉತ್ತರ ಭಾರತದಲ್ಲಿ ಥಗ್ಗರು. ಕನ್ನಡದವರು ಕರೆಯುತ್ತಿದ್ದ ಹೆಸರು ತಂತಿ ಕಳ್ಳರು ಎಂದು ಶೆರ್ವುಡ್ ದಾಖಲಿಸಿದ್ದಾನೆ.

ಅವನ ಪ್ರಕಾರ ಈ ತಂಡಗಳು ವ್ಯಾಪಾರಿಗಳಂತೆಯೋ ಸಾಮಾನ್ಯ ಪ್ರಯಾಣಿಕರಂತೆಯೋ ಸಾಗುತ್ತಿದ್ದವು. ಯಾರಿಗೂ ಅನುಮಾನ ಬಾರದಿರಲೆಂದು ಮಕ್ಕಳನ್ನೂ ಜೊತೆಗೆ ಕರೆದೊಯ್ಯುತ್ತಿದ್ದವು. ಒಬ್ಬ ಉರುಲನ್ನು ಬಿಗಿಯುವಾಗ ಇನ್ನೊಬ್ಬ ಕೈಕಾಲು ಹಿಡಿಯುತ್ತಿದ್ದ. ಹೂಳುವ ಮುನ್ನ ಹೆಣವನ್ನು ಆಳವಾಗಿ ಸೀಳುತ್ತಿದ್ದುದು ಕ್ರೌರ್ಯದ ಹುಚ್ಚಿನಿಂದಲ್ಲ, ಲೆಕ್ಕಾಚಾರದಿಂದ: ಹೆಣ ಉಬ್ಬಿದರೆ ಮೇಲಿನ ಮಣ್ಣು ಬಿರಿದು, ವಾಸನೆಗೆ ನರಿಗಳು ಬಂದು ಗುಟ್ಟು ಹೊರಬೀಳುತ್ತಿತ್ತು. ಕೊಲೆಗಳು ಸತ್ತವನ ಊರಿನಿಂದ ಬಹುದೂರದಲ್ಲಿ ನಡೆಯುತ್ತಿದ್ದುದರಿಂದ ಅವನ ಮನೆಯವರಿಗೆ ಅವನು ಎಲ್ಲಿ ಕಾಣೆಯಾದನೆಂಬುದೇ ತಿಳಿಯುತ್ತಿರಲಿಲ್ಲ, ದೂರು ಕೊಡಲು ಠಾಣೆ ಯಾವುದೆಂಬುದೂ ಗೊತ್ತಾಗುತ್ತಿರಲಿಲ್ಲ. ಸಿಪಾಯಿಗಳು ನಗದು ಹೊತ್ತು ಹೋಗದೆ ಹುಂಡಿಯ, ಎಂದರೆ ಹಣ ಪಾವತಿಯ ಪತ್ರದ, ಮೂಲಕ ಹಣ ಕಳುಹಿಸಬೇಕೆಂದು ಬಂಗಾಳ ಸೈನ್ಯದ ಅಧಿಕಾರಿಯೊಬ್ಬ 1810ರಲ್ಲಿ ಹೊರಡಿಸಿದ ಎಚ್ಚರಿಕೆಯು ಈ ಭಯ ದಕ್ಷಿಣಕ್ಕೆ ಮಾತ್ರ ಸೀಮಿತವಾಗಿರಲಿಲ್ಲವೆಂಬುದನ್ನು ತೋರಿಸುತ್ತದೆ.

ಶ್ರೀರಂಗಪಟ್ಟಣ ಬಿದ್ದ 1799ರಲ್ಲಿಯೇ ಬೆಂಗಳೂರಿನ ಸುತ್ತಮುತ್ತ ಸುಮಾರು 100 ಮಂದಿ ಸೆರೆಸಿಕ್ಕರೂ, ಅವರು ಸಂಘಟಿತ ಕೊಲೆಗಾರರೆಂಬ ಅರಿವು ಹಿಡಿದವರಿಗಾಗಲಿಲ್ಲ. ತಿರುವಾಂಕೂರಿನಿಂದ ಕೊಳ್ಳೆಯೊಂದಿಗೆ ಮರಳುತ್ತಿದ್ದ ತಂಡವೊಂದರ ಕೆಲವರು 1807ರಲ್ಲಿ ಚಿತ್ತೂರು ಮತ್ತು ಆರ್ಕಾಟುಗಳ ನಡುವೆ ಸಿಕ್ಕಿಬಿದ್ದಾಗಲೇ ಪೂರ್ಣ ಚಿತ್ರ ತೆರೆಯತೊಡಗಿತು. ಮೈಸೂರು ಮಾತ್ರ ಈ ಅರಿವಿಗಾಗಿ ಕಾದಿರಲಿಲ್ಲ. ಹೈದರ್ ಇಂಥವರನ್ನು ವಿಚಾರಣೆಯ ಗೊಡವೆಯಿಲ್ಲದೆ ದಂಡಿಸಿದನೆಂದೂ, ಟಿಪ್ಪುವಿನ ಕಾಲದಲ್ಲಿ ಕೆಲವರಿಗೆ ಕಠಿಣ ದುಡಿಮೆ, ಕೆಲವರಿಗೆ ಅಂಗಚ್ಛೇದ ವಿಧಿಸಲಾಯಿತೆಂದೂ ಶೆರ್ವುಡ್ ಬರೆಯುತ್ತಾನೆ.

ಆದರೆ ಅದೇ ಪ್ರಬಂಧದಲ್ಲಿ, ಕೊಲೆಗಾರರ ವರ್ಣನೆಯ ನಡುವೆ, ಇನ್ನೊಂದು ಗುಂಪಿನ ಆರೋಪಿಗಳು ಕಾಣಿಸಿಕೊಳ್ಳುತ್ತಾರೆ. ಫಾನ್ಸಿಗಾರರು ಪಾಳೆಯಗಾರರ ಆಶ್ರಯದಲ್ಲಿ ಬೇಸಾಯಗಾರರಂತೆ ನೆಲೆಸಿದ್ದರು; ಕೊಳ್ಳೆಯ ಪಾಲು ಆಶ್ರಯ ಕೊಟ್ಟವರಿಗೂ ಸಲ್ಲುತ್ತಿತ್ತು. ವರ್ಷದಲ್ಲಿ ತಿಂಗಳುಗಟ್ಟಲೆ ಹೊಲ ಬಿಟ್ಟು ಹೋದ ಒಕ್ಕಲು ಕೈತುಂಬ ಹಣದೊಂದಿಗೆ ಮರಳಿದಾಗ ಊರಿನ ಮುಖ್ಯಸ್ಥನಿಗೆ ಅದು ಗೊತ್ತಾಗದಿರುವುದು ಹೇಗೆ? ಬೆಳ್ಳಿ ಬಂಗಾರ ಕೊಂಡವರು ಯಾರು ಎಂಬ ಪ್ರಶ್ನೆಯೂ ಇದರ ಜೊತೆಯದೇ, ಏಕೆಂದರೆ ಕೊಳ್ಳೆಯನ್ನು ನಗದಾಗಿಸುವ ಕೈಗಳಿಲ್ಲದೆ ಇಂಥ ಕಸುಬು ಒಂದೆರಡು ಋತುಗಳಿಗಿಂತ ಹೆಚ್ಚು ನಡೆಯಲಾರದು.

ಈ ಎಳೆ ಮುಂದೆ ಮಸುಕಾಯಿತು. 1836ರ ಕಾಯ್ದೆಯು ಥಗ್ಗರ ಗುಂಪಿಗೆ ಸೇರಿದ್ದುದು ರುಜುವಾದರೆ ಸಾಕು, ಜೀವಾವಧಿ ಕಠಿಣ ಸಜೆ ಎಂದಿತು. ಸಾಕ್ಷಿಯ ಮುಖ್ಯ ಆಧಾರ ಅಪ್ರೂವರ್, ಎಂದರೆ ತಪ್ಪೊಪ್ಪಿ ಸರ್ಕಾರದ ಕಡೆಯಾದ ಕೈದಿ. ಥಗ್ಗರನ್ನು ಹತ್ತಿಕ್ಕಲು ಕಂಪನಿಯ ಅಧಿಕಾರಿ ಸ್ಲೀಮನ್ನನ ನೇತೃತ್ವದಲ್ಲಿ ನಡೆದ ಕಾರ್ಯಾಚರಣೆಯಲ್ಲಿ 1831ರಿಂದ 1837ರವರೆಗೆ ಸಿಕ್ಕ 3,266 ಜನರಲ್ಲಿ 412 ಮಂದಿ ಗಲ್ಲಿಗೇರಿದರೆ, 483 ಮಂದಿ ಸಾಕ್ಷಿಗಳಾದರು. ಪ್ರಾಣ ಉಳಿಸಿಕೊಳ್ಳಲು ಮಾತನಾಡುವ ಕೈದಿ ತನ್ನ ಜೊತೆಗಾರರ ಹೆಸರನ್ನು ಧಾರಾಳವಾಗಿ ಹೇಳಬಲ್ಲ. ತನ್ನ ಊರಿನ ಒಡೆಯನ ಹೆಸರು ಹೇಳಿದರೆ ಮನೆಮಂದಿಯ ಗತಿ ಏನಾದೀತೆಂಬ ಅಳುಕು ಅವನಿಗೆ ಇದ್ದೇ ಇರುತ್ತದೆ. ಸ್ಲೀಮನ್ ಕೂಡ ಜಮೀನ್ದಾರರ ಕುಮ್ಮಕ್ಕನ್ನು ಬಲ್ಲವನೇ, ಆದರೆ ಅವನ ಕಾಲದ ಬರಹವು ಕಾಳಿಯ ಆರಾಧನೆ, ಶಕುನ, ವಂಶಪಾರಂಪರ್ಯಗಳಿಗೆ ಕೊಟ್ಟ ಜಾಗವನ್ನು ಈ ಕುಮ್ಮಕ್ಕಿಗೆ ಕೊಡಲಿಲ್ಲ. ಮುಂದೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ 1839ರಲ್ಲಿ ಪ್ರಕಟಿಸಿದ ಕಾದಂಬರಿಯೊಂದಿಗೆ ಥಗ್ಗನ ಚಿತ್ರ ಇಂಗ್ಲಿಷ್ ಓದುಗರ ಮನಸ್ಸಿನಲ್ಲಿ ಗಟ್ಟಿಯಾಯಿತು.

ಸಿದ್ಧ ಚಿತ್ರದ ಕಡೆಗೇ ಬೆರಳು ತೋರುವ ಈ ರೂಢಿ ಇಲ್ಲಿಗೆ ಮಾತ್ರ ಸೀಮಿತವಲ್ಲ. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 1888ರ ಆಗಸ್ಟಿನಿಂದ ನವೆಂಬರಿನೊಳಗೆ ಐವರು ಮಹಿಳೆಯರು ಕೊಲೆಯಾದಾಗಲೂ ಅನುಮಾನ ಬೀಳುವ ಜಾಗ ಮೊದಲೇ ನಿಗದಿಯಾಗಿತ್ತು. ಪೊಲೀಸ್ ಅಧಿಕಾರಿ ಮ್ಯಾಕ್ನಾಟನ್ 1894ರ ಟಿಪ್ಪಣಿಯಲ್ಲಿ ಶಂಕಿತರೆಂದು ಹೆಸರಿಸಿದ ಮೂವರಲ್ಲಿ ಒಬ್ಬನಾದ ಓಸ್ಟ್ರೊಗ್ ಕೊಲೆಗಳು ನಡೆದಾಗ ಫ್ರಾನ್ಸಿನ ಸೆರೆಮನೆಯಲ್ಲಿದ್ದನೆಂಬುದು ಬಹಳ ತಡವಾಗಿ ಗೊತ್ತಾಯಿತು. ಅಲ್ಲಿ ಕೊಲೆಗಾರ ಸಿಗದೆ ಉಳಿದ. ಭಾರತದ ದಾರಿಗಳಲ್ಲಿ ಕೊಲೆಗಾರರು ಸಾವಿರಗಟ್ಟಲೆ ಸಿಕ್ಕರೂ ಅವರನ್ನು ಸಾಕಿದವರ ವಿಚಾರಣೆ ಅದೇ ಬಿರುಸಿನಲ್ಲಿ ನಡೆಯಲಿಲ್ಲ. ಥಗ್ಗಿ ಇಲಾಖೆ 1904ರಲ್ಲಿ ಅಪರಾಧ ಗುಪ್ತಚರ ಇಲಾಖೆಗೆ ಜಾಗ ಬಿಟ್ಟುಕೊಟ್ಟಿತು; ಇತಿಹಾಸಕಾರರಾದ ಸ್ಟೀವರ್ಟ್ ಗಾರ್ಡನ್ ಮತ್ತು ಕಿಮ್ ವ್ಯಾಗ್ನರ್ ಆಶ್ರಯದಾತರ ಪ್ರಶ್ನೆಯನ್ನು ಮತ್ತೆ ಎತ್ತಿದ್ದು ಅದಕ್ಕೂ ಹಲವು ದಶಕಗಳ ನಂತರ.