ಕುಂಗ್ ಫು ಮುಷ್ಟಿಪ್ರಹಾರದ ಪರಿವರ್ತನೆ: ವಿಂಗ್ ಚುನ್‌ನಿಂದ ಜೀತ್ ಕುನ್ ಡೋವರೆಗೆ

ಮಿಂಗ್ ಸಾಮ್ರಾಜ್ಯದ ದಂಡನಾಯಕನಾಗಿ ಕಡಲ್ಗಳ್ಳರೊಡನೆ ಹೋರಾಡಿದ ಚೀ ಜಿಗುವಾಂಗನು 16ನೆಯ ಶತಮಾನದಲ್ಲಿ ರಚಿಸಿದ ಸೈನ್ಯಶಿಕ್ಷಣ ಗ್ರಂಥದಲ್ಲಿ ಮುಷ್ಟಿವಿದ್ಯೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನಾದರೂ, ರಣರಂಗದಲ್ಲಿ ಅದರ ನೇರವಾದ ಪ್ರಯೋಜನ ಅಲ್ಪವೆಂದೂ ಕೈಕಾಲುಗಳನ್ನು ಪಳಗಿಸುವುದಕ್ಕೆ ಅದು ತಕ್ಕ ಸಾಧನವೆಂದೂ ಬರೆದನು. ಕುದುರೆಯೇರಿದಂತೆ ಮಂಡಿ ಬಾಗಿಸಿ ನಿಂತು, ಒಂದು ಮುಷ್ಟಿಯನ್ನು ಟೊಂಕಕ್ಕೆ ಸೆಳೆದು ಇನ್ನೊಂದನ್ನು ಮುಂದಕ್ಕೆ ಚಾಚುವ ಅಭ್ಯಾಸವು ದೇಹಸಂಸ್ಕಾರವೆಂಬುದನ್ನು ಮರೆತವರೇ ಆ ವಿದ್ಯೆಯನ್ನು ಅತಿಯಾಗಿ ಹೊಗಳಿದ್ದಾರೆ, ಅತಿಯಾಗಿ ಹಳಿದೂ ಇದ್ದಾರೆ. ಸಂಸ್ಕಾರಕ್ಕಾಗಿ ಕಲಿತ ಗುದ್ದು ಕಾದಾಟಕ್ಕೆ ಒದಗಬೇಕಾದರೆ ಮುಷ್ಟಿಗಿಂತ ಹೆಚ್ಚಾಗಿ ಹೆಜ್ಜೆ ಬದಲಾಗಬೇಕೆಂಬುದು ನಮ್ಮ ಪಕ್ಷ.

1954ರ ಜನವರಿಯಲ್ಲಿ ಮಕಾವಿನಲ್ಲಿ ಧರ್ಮಾರ್ಥವಾಗಿ ಏರ್ಪಟ್ಟ ಕಾಳಗವೊಂದರ ಚಲಚ್ಚಿತ್ರ ಉಳಿದುಬಂದಿದೆ. ತೈ ಚಿಯ ಆಚಾರ್ಯ, ಐವತ್ತು ದಾಟಿದ್ದ ವೂ ಗಾಂಗ್ಯಿ ಒಂದು ಕಡೆ; ಶ್ವೇತಬಕ ಸಂಪ್ರದಾಯದ, ವಯಸ್ಸಿನಲ್ಲಿ ಕಿರಿಯನಾದ ಚಾನ್ ಹಾಕ್ ಫು ಇನ್ನೊಂದು ಕಡೆ. ಕೈ ಕಲೆತ ಬಳಿಕ ತೈ ಚಿಯೂ ಕಾಣದು, ಬಕವೂ ಕಾಣದು. ತೋಳು ಬೀಸಿ ಸಿಕ್ಕಲ್ಲಿ ಬಡಿಯುವ ಇಬ್ಬರು ಮನುಷ್ಯರು ಮಾತ್ರ ಕಾಣುತ್ತಾರೆ. ಕಡೆಗೆ ಕಾಳಗವನ್ನು ಎರಡನೆಯ ಸುತ್ತಿನಲ್ಲೇ ನಿಲ್ಲಿಸಿ, ಗೆಲುವು ಯಾರಿಗೂ ಇಲ್ಲವೆಂದು ತೀರ್ಪಿತ್ತರು. ಇದನ್ನು ಆ ಇಬ್ಬರ ನ್ಯೂನತೆಯೆಂದು ನಾನು ಎಣಿಸೆನು. ತಿರುಗಿ ಹೊಡೆಯುವವನ ಎದುರು ದಿನವೂ ಪಳಗದ ಕೈ, ಕಲಿತುದನ್ನು ಬಿಟ್ಟುಕೊಡುವುದು ಸ್ವಾಭಾವಿಕ.

ದಕ್ಷಿಣ ಚೀನದ ವಿಂಗ್ ಚುನ್ ಪದ್ಧತಿಯ ನೇರ ಗುದ್ದನ್ನು ಸಮೀಪದಿಂದ ಪರಿಶೀಲಿಸೋಣ. ಹೆಬ್ಬೆರಳು ಮೇಲಾಗುವಂತೆ ಮುಷ್ಟಿ ನೆಟ್ಟಗೆ ನಿಂತಿರುತ್ತದೆ. ಮೊಣಕೈ ಹೊರಕ್ಕೆ ಸಿಡಿಯದೆ ಎದೆಯ ನಡುರೇಖೆಯನ್ನೇ ಹಿಡಿದು ಸಾಗುತ್ತದೆ. ಪೆಟ್ಟು ಕೆಳಗಿನ ಮೂರು ಗೆಣ್ಣುಗಳಿಂದ ತಾಗುತ್ತದೆ. ಒಂದು ಕೈ ಮರಳುವಾಗ ಇನ್ನೊಂದು ಅದರ ಮೇಲೆ ಹಾದು ಹೊರಡುತ್ತದೆ. ತೋಳಿಗೆ ತೋಳು ಸೋಕುವಷ್ಟು ಸಮೀಪದಲ್ಲಿ ಇದಕ್ಕಿಂತ ಮಿತವ್ಯಯದ ಗುದ್ದನ್ನು ಕಲ್ಪಿಸುವುದು ಕಷ್ಟ. ಆದರೆ ಹಲವು ಪರಂಪರೆಗಳಲ್ಲಿ ಮೈಭಾರವು ಹಿಂಗಾಲಿನ ಮೇಲಿರುವುದರಿಂದ, ಎದುರಾಳಿ ಎರಡು ಹೆಜ್ಜೆ ಸರಿದೊಡನೆ ಇದಕ್ಕೆ ಉಳಿಯುವುದು ತೋಳಿನ ಬಲವಷ್ಟೇ.

ಹಾಂಗ್‌ಕಾಂಗಿನಲ್ಲಿ ಇಪ್ ಮ್ಯಾನ್‌ನ ಬಳಿ ಈ ವಿದ್ಯೆಯನ್ನು ಕಲಿತ ಬ್ರೂಸ್ ಲೀ 1964ರಲ್ಲಿ ಓಕ್ಲೆಂಡಿನಲ್ಲಿ ಕುಂಗ್ ಫು ಪಟು ವಾಂಗ್ ಜಾಕ್ ಮ್ಯಾನ್‌ನೊಡನೆ ಕಾದಿದನು. ಗೆದ್ದವರು ಯಾರೆಂಬುದರಲ್ಲಿ ಉಭಯ ಪಕ್ಷದವರ ಮಾತು ಒಂದಾಗಿಲ್ಲ. ಆದರೆ ಲೀಯ ಕಡೆಯವರ ಹೇಳಿಕೆಯಂತೆಯೇ, ಸರಿದು ಹೋಗುವ ಎದುರಾಳಿಯನ್ನು ಅಟ್ಟಿ ಅಟ್ಟಿ ಗುದ್ದಿದ ಆತನಿಗೆ ಏದುಸಿರು ಬಂದಿತ್ತು, ತನ್ನ ಪದ್ಧತಿಯ ವಿಷಯದಲ್ಲಿ ಅತೃಪ್ತಿಯೂ ಹುಟ್ಟಿತ್ತು. 1919ರಿಂದ 1926ರವರೆಗೆ ಹೆವಿವೇಟ್ ಜಗಜ್ಜಟ್ಟಿಯಾಗಿದ್ದ ಜ್ಯಾಕ್ ಡೆಂಪ್ಸಿ 1950ರಲ್ಲಿ ಪ್ರಕಟಿಸಿದ ಕೈಪಿಡಿ ಲೀಯ ವ್ಯಾಸಂಗಕ್ಕೆ ಒದಗಿತು. ಡೆಂಪ್ಸಿಯ ಮತದಲ್ಲಿ ಬಲದ ರೇಖೆ ಹೆಗಲಿನಿಂದ ಹೊರಟು ಕಿರುಬೆರಳ ಗೆಣ್ಣಿನಲ್ಲಿ ಮುಗಿಯುತ್ತದೆ. ಮುಂಗಾಲನ್ನೆತ್ತಿ ಮೈಯನ್ನೇ ಮುಂದಕ್ಕೆ ಬೀಳಗೊಟ್ಟು, ಆ ಬೀಳುವಿಕೆಯ ಭಾರವನ್ನು ಮುಷ್ಟಿಗೆ ಹರಿಸಬೇಕು. ಅಮೆರಿಕದ ಜಟ್ಟಿಯೊಬ್ಬ ತನ್ನದೇ ದಾರಿಯಲ್ಲಿ ಬಹುಮಟ್ಟಿಗೆ ಅದೇ ಗೆಣ್ಣುಗಳಿಗೆ ಬಂದು ಮುಟ್ಟಿದುದು ವಿಸ್ಮಯವೆನಿಸಬಹುದು. ಎಲುಬಿನ ರಚನೆ ಎಲ್ಲರಿಗೂ ಒಂದೇ ಅಲ್ಲವೆ! ಲೀ ನೆಟ್ಟಗಿನ ಮುಷ್ಟಿಯನ್ನು ಉಳಿಸಿಕೊಂಡು, ಬಲಗೈಯನ್ನು ಮುಂದಿಟ್ಟು, ಹಿಂಗಾಲ ಹಿಮ್ಮಡಿಯನ್ನೆತ್ತಿ, ಕಾಲಿಗಿಂತ ಮೊದಲು ಕೈ ಚಲಿಸಬೇಕೆಂಬ ಪಾಶ್ಚಾತ್ಯ ಕತ್ತಿವರಸೆಯ ನಿಯಮವನ್ನು ಇದಕ್ಕೆ ಕೂಡಿಸಿದನು. ಹೀಗೆ ರೂಪುಗೊಂಡ ಪದ್ಧತಿಗೆ ಜೀತ್ ಕುನ್ ಡೋ ಎಂಬ ಹೆಸರು 1967ರಲ್ಲಿ ಬಂದಿತು.

ಒಂದು ಕೊರತೆ ಮಾತ್ರ ಹಾಗೆಯೇ ಉಳಿಯಿತು. ಬರಿಗೈಯಿಂದ ತಲೆಬುರುಡೆಗೆ ಗುದ್ದಿದಾಗ ಸಾಮಾನ್ಯವಾಗಿ ಮುರಿಯುವುದು ಕಿರುಬೆರಳ ಬುಡದ ಅಂಗೈ ಎಲುಬು. ಕೆಳಗೆಣ್ಣುಗಳ ಗುದ್ದನ್ನು ಹಣೆಗೆ ಇಕ್ಕುವವನು ಎದುರಾಳಿಗಿಂತ ಮೊದಲು ತಾನೇ ಗಾಯಾಳುವಾದಾನು. 1979ರ ಬಳಿಕ ಚೀನದಲ್ಲಿ ಕ್ರೀಡೆಯಾಗಿ ರೂಪುಗೊಂಡ ಸಾನ್‌ಡಾದಲ್ಲಿ ಕೈಗವಸು ಈ ಭಯವನ್ನು ತಗ್ಗಿಸಿತು. ಆದರೆ ಅಲ್ಲಿ ಎತ್ತಿ ಕೆಡವುವುದಕ್ಕೂ ಅಂಕವುಂಟಾದುದರಿಂದ, ಮೈಯನ್ನು ಮುಂದಕ್ಕೆ ಚೆಲ್ಲಿ ಗುದ್ದುವವನು ತನ್ನ ಸೊಂಟವನ್ನು ಎದುರಾಳಿಯ ಹಿಡಿತಕ್ಕೆ ತಾನಾಗಿ ಒಪ್ಪಿಸಿದಂತಾಗುತ್ತದೆ. ಆದಕಾರಣ ಅಲ್ಲಿಯ ಪಟುಗಳು ಗುದ್ದಿದೊಡನೆ ಮೈಯನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತಾರೆ, ಇಲ್ಲವೆ ಗುದ್ದಿನ ಬೆನ್ನಿಗೇ ಒಳನುಗ್ಗಿ ಎದುರಾಳಿಯ ಕಾಲನ್ನು ಹಿಡಿಯುತ್ತಾರೆ.