ಕಾಟಿಯ ಸ್ವಭಾವವೂ ಬೇಟೆಗಾರನ ಅಪಾಯವೂ

ಮಹಿಷನ ಹೆಸರನ್ನು ಹೊತ್ತ ಮೈಸೂರು ಸೀಮೆಯ ಕಾಡುಗಳಲ್ಲಿ ಈಗ ನಿಜವಾದ ಕಾಡೆಮ್ಮೆಯು ಒಂದೂ ಇಲ್ಲವೆಂದರೆ ವಾಚಕರಿಗೆ ವಿಚಿತ್ರವಾಗಿ ತೋರಬಹುದು. ವನಮಹಿಷವು ಇಂದು ಮುಖ್ಯವಾಗಿ ಅಸ್ಸಾಮಿನ ಬ್ರಹ್ಮಪುತ್ರಾ ತೀರದ ಜೊಂಡುಹುಲ್ಲಿನಲ್ಲಿ ಉಳಿದಿದೆ. ಛತ್ತೀಸಗಢದ ಅರಣ್ಯದಲ್ಲಿ ಅಲ್ಪಸಂಖ್ಯೆಯಲ್ಲಿದೆ. ಕನ್ನಡಿಗರು ಕಾಡುಕೋಣವೆಂದೂ ಕಾಡೆಮ್ಮೆಯೆಂದೂ ಕರೆಯುತ್ತ ಬಂದಿರುವುದು ಕಾಟಿಯನ್ನು. ಅದು ಎಮ್ಮೆಯ ಜಾತಿಯಲ್ಲ, ಹಸುವಿನ ಕುಲಕ್ಕೆ ಸೇರಿದುದು. ಇಂಗ್ಲಿಷ್ ಬೇಟೆಗಾರರು ಅದನ್ನು ಬೈಸನ್ ಎಂದರು. ಅದೂ ಸಲ್ಲದು, ಬೈಸನ್ ಅಮೆರಿಕಾ ಯೂರೋಪುಗಳ ಮೃಗ. ಪ್ರಾಣಿಶಾಸ್ತ್ರಜ್ಞರು ಇಟ್ಟಿರುವ ಗೌರ್ ಎಂಬ ಹೆಸರು ಸಂಸ್ಕೃತದ ಗೌರ ಶಬ್ದದಿಂದ ಬಂದುದು. ಬೆಳೆದ ಹೋರಿಯ ಮೈ ಕಾಡಿಗೆಯಂತೆ ಕಪ್ಪು; ಮೊಣಕಾಲಿನ ಕೆಳಗೆ ಮಾತ್ರ ಬಿಳಿಯ ಕಾಲ್ಚೀಲ ತೊಟ್ಟಂತೆ ಕಾಣುತ್ತದೆ. ಇಂತಹ ಮೃಗಕ್ಕೆ ಬಿಳುಪನ್ನು ಹೇಳುವ ಹೆಸರು ನಿಂತುದು ಭಾಷೆಯ ವಿನೋದಗಳಲ್ಲಿ ಒಂದು.

ನ್ಯಾಯಶಾಸ್ತ್ರವನ್ನು ಓದಿದವರಿಗೆ ಗವಯದ ಉದಾಹರಣೆಯು ಪರಿಚಿತ. ಗವಯವನ್ನು ಕಾಣದ ನಗರವಾಸಿಗೆ ಅರಣ್ಯವಾಸಿಯು ಅದು ಹಸುವನ್ನು ಹೋಲುತ್ತದೆಂದು ತಿಳಿಸುತ್ತಾನೆ. ಆ ನಗರವಾಸಿಯು ಕಾಡಿಗೆ ಹೋಗಿ ಹೋಲಿಕೆಯಿಂದಲೇ ಮೃಗವನ್ನು ಗುರುತಿಸುತ್ತಾನೆ. ಗವಯವೆಂದರೆ ಈಗಿನ ಯಾವ ಪ್ರಾಣಿ ಎಂಬಲ್ಲಿ ಮತಭೇದವುಂಟು. ಉಪಮಾನ ಪ್ರಮಾಣಕ್ಕೆ ಅಷ್ಟು ಸಾಕು; ಆದರೆ ಹಸುವಿನಂತಿದೆಯೆಂದು ನಂಬಿ ಹತ್ತಿರಕ್ಕೆ ನಡೆದವನ ಗತಿಯೇನಾಯಿತೆಂಬುದನ್ನು ತಾರ್ಕಿಕರು ವಿಚಾರಿಸಲಿಲ್ಲ. ಕೋಶಕಾರನು ಈ ವಿಷಯದಲ್ಲಿ ಹೆಚ್ಚು ಎಚ್ಚರಿಕೆಯವನು. ಅಮರಸಿಂಹನು ಕೋಣನಿಗೆ ಕೊಟ್ಟ ಹೆಸರುಗಳಲ್ಲಿ ವಾಹದ್ವಿಷತ್ ಎಂಬುದೊಂದು. ಕುದುರೆಯ ಹಗೆ ಎಂದು ಅದರ ಅರ್ಥ. ಸ್ವಭಾವವನ್ನು ಕಂಡಲ್ಲದೆ ಅಂತಹ ಹೆಸರು ಹುಟ್ಟುವುದಿಲ್ಲ.

ಯಲಹಂಕದ ಸಮೀಪದ ಸಿಂಗಾಪುರದಂತಹ ಕೆರೆಯ ಊರುಗಳಲ್ಲಿ ಹಿಂದೆ ಬೆಳೆದವರಿಗೆ ಎಮ್ಮೆಯೆಂದರೆ ನೀರಿನಲ್ಲಿ ಮೂಗನ್ನಷ್ಟೇ ಮೇಲೆತ್ತಿ ಮಲಗುವ ಸಾಧುಪ್ರಾಣಿ. ಎಳೆಯ ಹುಡುಗನೂ ಅದರ ಬೆನ್ನೇರಿ ಮನೆಗೆ ಹೊಡೆದುಕೊಂಡು ಬರಬಲ್ಲನು. ಈಗ ಆ ಊರು ಬೆಂಗಳೂರು ನಗರದೊಳಗೆ ಸೇರಿಹೋಗಿದೆ. ಕಾಳಿದಾಸನ ದುಷ್ಯಂತನು ಬೇಟೆಯನ್ನು ನಿಲ್ಲಿಸಿದಾಗ ಕಾಡಿನ ಕೋಣಗಳು ನಿಶ್ಚಿಂತೆಯಿಂದ ನೀರಿಗಿಳಿಯಲಿ ಎನ್ನುತ್ತಾನೆ. ಕಾಟಿಯಾದರೋ ಕೆಸರಿನಲ್ಲಿ ಹೊರಳುವ ಪ್ರಾಣಿಯಲ್ಲ. ಬೆಟ್ಟದ ಹುಲ್ಲು, ಬಿದಿರಿನ ಚಿಗುರು, ಚೌಳುಮಣ್ಣು ಇವೇ ಅದಕ್ಕೆ ಪ್ರಿಯ.

ಕಾಟಿಯ ಹೋರಿಯು ಹೆಗಲಿನಲ್ಲಿ ಸುಮಾರು 6 ಅಡಿ ಎತ್ತರ ಬೆಳೆಯುತ್ತದೆ. ತೂಕದಲ್ಲಿ 1000 ಕಿಲೋಗ್ರಾಮು ಮುಟ್ಟುವುದುಂಟು. ಇಷ್ಟು ಬಲವಿದ್ದರೂ ಅದರ ಮೊದಲ ಬುದ್ಧಿ ಓಡುವುದೇ. ಮನುಷ್ಯನ ವಾಸನೆಯು ಗಾಳಿಯಲ್ಲಿ ಬಂದರೆ ಸಾಕು, ಒಂದು ಹಸು ಮೂಗಿನಿಂದ ಬುಸುಗುಟ್ಟುತ್ತದೆ, ಇಡೀ ಹಿಂಡು ಬಿದಿರನ್ನು ಮುರಿದುಕೊಂಡು ಇಳಿಜಾರಿನಲ್ಲಿ ಮರೆಯಾಗುತ್ತದೆ. ಎರಡು ಹೋರಿಗಳು ಎದುರಾದರೂ ಒಡನೆಯೇ ಹಾಯುವುದಿಲ್ಲ. ಪಕ್ಕಕ್ಕೆ ನಿಂತು, ಬೆನ್ನಿನ ದಿಣ್ಣೆಯನ್ನು ತೋರಿಸಿ, ಮೆಲ್ಲನೆ ಹೆಜ್ಜೆಯಿಟ್ಟು ಮೈಯ ಗಾತ್ರದಿಂದಲೇ ಪರಸ್ಪರ ಹೆದರಿಸುತ್ತವೆ. ಬಹುಸಲ ಜಗಳವು ಅಲ್ಲಿಗೇ ಮುಗಿಯುತ್ತದೆ. ಕೆಟ್ಟ ಹೆಸರು ಬಂದಿರುವುದು ಹಿಂಡನ್ನು ಬಿಟ್ಟು ಒಂಟಿಯಾಗಿ ತಿರುಗುವ ಮುದಿ ಹೋರಿಗೆ.

ಈ ಕೆಟ್ಟ ಹೆಸರನ್ನು ಪರೀಕ್ಷಿಸಿದವರಲ್ಲಿ ಸ್ಯಾಂಡರ್ಸನ್ ದೊರೆಯು ಮುಖ್ಯನು. ಈತನು ಮೈಸೂರು ಸರಕಾರದ ಕಾಲುವೆ ಇಲಾಖೆಯಲ್ಲಿ ಕೆಲಸಕ್ಕಿದ್ದು, 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾದಿಂದ ಆನೆಗಳನ್ನು ಹಿಡಿಸಿ ಪ್ರಸಿದ್ಧನಾದನು. ಭಾರತದ ಕಾಡುಮೃಗಗಳ ನಡುವೆ ಕಳೆದ 13 ವರ್ಷಗಳನ್ನು ಕುರಿತ ಆತನ ಗ್ರಂಥವು 1878ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಬಿಳಿಗಿರಿರಂಗನ ಬೆಟ್ಟದ ಕಾಟಿಗಳನ್ನು ಆತನು ಕೊಂದದ್ದೂ ಉಂಟು, ಕೋವಿಯಿಲ್ಲದೆ ನೋಡುತ್ತ ಕುಳಿತದ್ದೂ ಉಂಟು. ಕಾಟಿಯ ಕ್ರೌರ್ಯವನ್ನು ಕುರಿತ ಮಾತುಗಳಲ್ಲಿ ಅತಿಶಯೋಕ್ತಿಯೇ ಹೆಚ್ಚು ಎಂಬುದು ಆತನ ಅಭಿಪ್ರಾಯ. ಇದು ಒಪ್ಪತಕ್ಕ ಮಾತು. ಪೊದೆಯಲ್ಲಿ ಮಲಗಿದ್ದ ಒಂಟಿ ಹೋರಿಯ ಮೇಲೆ ಅರಿಯದೆ ಕಾಲಿಟ್ಟಂತೆ ಬಂದವನನ್ನು ಅದು ಕೆಡಹಿಕೊಂಡು ಓಡಿದರೆ, ಅದು ದಾಳಿಯೋ ಭಯದ ಓಟವೋ ಎಂಬುದನ್ನು ಬಿದ್ದವನು ಬಿಡಿಸಿ ಹೇಳಲಾರನು.

ಗಾಯಗೊಂಡ ಕಾಟಿಯ ವಿಷಯವೇ ಬೇರೆ. ಆ ಗಾಯಕ್ಕೆ ಕಾರಣವೂ ಅನೇಕವೇಳೆ ಬೇಟೆಗಾರನ ಕಣ್ಣಿನ ಭ್ರಮೆಯೇ. ಕಾಟಿಯ ಹೆಗಲಿನಿಂದ ಬೆನ್ನಿನ ನಡುವಿನವರೆಗೆ ಎತ್ತರವಾದ ದಿಣ್ಣೆಯೊಂದಿದೆ. ಬೆನ್ನೆಲುಬಿನ ಮುಳ್ಳುಗಳು ಮೇಲಕ್ಕೆ ಬೆಳೆದು ಅದು ಉಂಟಾಗಿದೆ. ಹೊಸಬನು ದಿಣ್ಣೆಯನ್ನೂ ಸೇರಿಸಿ ಮೈಯನ್ನು ಅಳೆದು, ನಡುಭಾಗವೆಂದು ತೋರಿದಲ್ಲಿ ಗುರಿಯಿಡುತ್ತಾನೆ. ಗುಂಡೆಯೂ ಪುಪ್ಪುಸವೂ ಅದಕ್ಕಿಂತ ಬಹಳ ಕೆಳಗಿವೆ. ಗುಂಡು ಮೇಲಿನ ಮಾಂಸವನ್ನೂ ಮೂಳೆಯನ್ನೂ ಹಾಯ್ದುಹೋಗುತ್ತದೆ. ಮೃಗವು ನೋವಿನಿಂದ ಓಡುತ್ತದೆಯೇ ಹೊರತು ಬೀಳುವುದಿಲ್ಲ. 19ನೆಯ ಶತಮಾನದ ಕರಿಮದ್ದಿನ ಕೋವಿಗಳಲ್ಲಿ ಇನ್ನೊಂದು ತೊಂದರೆಯಿತ್ತು. ಗುಂಡು ಹಾರಿದೊಡನೆ ದಟ್ಟವಾದ ಹೊಗೆಯು ಮುಂದೆ ನಿಲ್ಲುತ್ತಿತ್ತು. ಮೃಗವು ಬಿದ್ದಿತೋ, ಓಡಿತೋ, ತನ್ನ ಮೇಲೆಯೇ ಬರುತ್ತಿದೆಯೋ ಎಂಬುದು ಹೊಗೆ ಸರಿಯುವವರೆಗೆ ಕಾಣದು. ಒಂದೇ ನಳಿಗೆಯವನಾದರೆ ಮತ್ತೆ ಮದ್ದು ತುಂಬಿಕೊಳ್ಳುವಷ್ಟು ಹೊತ್ತು ಅವನು ಬರಿಗೈಯವನೇ.

ನಿಜವಾದ ಗಂಡಾಂತರವು ಆ ಮೇಲೆ ಆರಂಭವಾಗುತ್ತದೆ. ಪೆಟ್ಟು ತಿಂದ ಹೋರಿಯು ದೂರ ಓಡಿ ಬಿದಿರಿನ ಮೆಳೆಯಲ್ಲಿ ನಿಲ್ಲುತ್ತದೆ. ಕೆಲವು ವೇಳೆ ತಾನು ಬಂದ ಜಾಡಿನ ಕಡೆಗೇ ಮುಖಮಾಡಿ ಕಾಯುತ್ತದೆ. ರಕ್ತದ ಗುರುತನ್ನು ನೋಡುತ್ತ ತಲೆಬಗ್ಗಿಸಿ ಬರುವವನಿಗೆ ಅಷ್ಟು ದೊಡ್ಡ ಮೃಗವು ಹತ್ತು ಹೆಜ್ಜೆಯ ದೂರದಲ್ಲಿಯೂ ಕಾಣದಿರಬಹುದು. ಲಾಂಟಾನದ ಪೊದೆಯು ಹಬ್ಬಿದ ಮೇಲೆ ಈ ಕುರುಡುತನ ಇನ್ನೂ ಹೆಚ್ಚಿತು. ಹೋರಿಯು ತಲೆ ತಗ್ಗಿಸಿ ಬಂದು, ಕೊಂಬನ್ನು ಪಕ್ಕಕ್ಕೆ ಹೊರಳಿಸಿ ಮೇಲಕ್ಕೆ ಇರಿಯುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಫಿ ತೋಟ ಹಾಕಿದ ಸ್ಕಾಟ್ಲೆಂಡಿನ ಹಿರಿಯ ಮಾರಿಸ್ ದೊರೆಯು ಹೀಗೆಯೇ ಕಾಟಿಯ ಕೊಂಬಿಗೆ ಸಿಕ್ಕಿ ಬದುಕಿದವನು. ಆಫ್ರಿಕಾದ ಕಾಡುಕೋಣವನ್ನು ಅಲ್ಲಿಯ ಬೇಟೆಗಾರರು ಸಿಂಹ, ಚಿರತೆ, ಆನೆ, ಖಡ್ಗಮೃಗಗಳ ಸಾಲಿನಲ್ಲಿ ಸೇರಿಸಿ ಹೆದರುವುದೂ ಇದೇ ಗುಣಕ್ಕಾಗಿ.

ಆದರೆ ಜಾಡಿನಲ್ಲಿ ಮುಂದೆ ನಡೆಯುತ್ತಿದ್ದವನು ದೊರೆಯಲ್ಲ, ಸೋಲಿಗನು; ಕಾಕನಕೋಟೆಯ ಕಡೆಗಾದರೆ ಕುರುಬನು. ಮುರಿದ ಹುಲ್ಲಿನ ಎಸಳಿನಿಂದ ಮೃಗವು ಹೋಗಿ ಎಷ್ಟು ಹೊತ್ತಾಯಿತೆಂದು ಹೇಳುವವನು ಅವನೇ, ಗಾಳಿಯ ದಿಕ್ಕನ್ನು ನೋಡುವವನು ಅವನೇ. ಕೋವಿಯು ಹಿಂದೆ ಬರುವವನ ಕೈಯಲ್ಲಿ. ಇವನ ಕೈಯಲ್ಲಿ ಹೆಚ್ಚೆಂದರೆ ಒಂದು ಮಚ್ಚು. ಗುರಿ ತಪ್ಪಿಸಿದವನು ಒಬ್ಬ, ಅದರ ಫಲವನ್ನು ಮೊದಲು ಎದುರಿಸಬೇಕಾದವನು ಇನ್ನೊಬ್ಬ.

ಮೃಗದೊಡನೆ ಕಾದಿ ಮಡಿದವರಿಗೆ ಕಲ್ಲು ನಿಲ್ಲಿಸುವುದು ಕನ್ನಡಿಗರ ಹಳೆಯ ಪದ್ಧತಿ. 949-50ರ ಆತಕೂರಿನ ಶಾಸನವು ಕಾಳಿ ಎಂಬ ನಾಯಿಯದು. ಗಂಗ ಬೂತುಗನು ಮೆಚ್ಚಿ ವರವನ್ನು ಕೇಳೆಂದಾಗ ಮಣಲೇರನು ಆ ನಾಯಿಯನ್ನೇ ಬೇಡಿ ಪಡೆದನು. ಅದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ನಾಯಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿಯೂ ದೊರೆಯಿತು. ಆ ಕಲ್ಲು ಇಂದಿಗೂ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳ ತರುವಾಯ ಬಂದ ಬೇಟೆಯ ಗ್ರಂಥಗಳು ಕೊಂಬುಗಳ ಅಳತೆಯನ್ನು ಅಂಗುಲ ಬಿಡದೆ ಬರೆದಿಟ್ಟುವು. ಜಾಡು ಹಿಡಿದವರಲ್ಲಿ ಬಹುಮಂದಿಯ ಹೆಸರನ್ನು ಬರೆಯಲಿಲ್ಲ. ಗಂಗರ ಕಾಲದವರೇ ಈ ವಿಷಯದಲ್ಲಿ ನ್ಯಾಯವಂತರೆಂದು ತೋರುತ್ತದೆ.

ಕೋವಿಗಿಂತ ಹೆಚ್ಚು ಕಾಟಿಗಳನ್ನು ಕೊಂದದ್ದು ದನಗಳ ದೊಡ್ಡರೋಗ. ಮೇಯಲು ಬಂದ ಊರದನಗಳಿಂದ ಅದು ಕಾಡಿಗೆ ಹರಡುತ್ತಿತ್ತು. 1968ರಲ್ಲಿ ಬಂಡೀಪುರ ಮುದುಮಲೆಗಳ ಕಾಡಿನಲ್ಲಿ ಹಿಂಡುಗಳು ಬಹಳವಾಗಿ ನಾಶವಾದುವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಟಿಗೆ ಮೊದಲನೆಯ ಪಟ್ಟಿಯಲ್ಲಿ ಸ್ಥಾನವಿತ್ತಿತು. 2011ರಲ್ಲಿ ಆ ರೋಗವು ಭೂಮಂಡಲದಿಂದಲೇ ಅಳಿಯಿತೆಂದು ಸಾರಲಾಯಿತು. ಈಗ ನಾಗರಹೊಳೆ, ಬಂಡೀಪುರ, ಭದ್ರಾ ಅರಣ್ಯಗಳಲ್ಲಿ ಹಿಂಡುಗಳು ಧಾರಾಳವಾಗಿವೆ. ಚಿಕ್ಕಮಗಳೂರು, ಕೊಡಗುಗಳ ಕಾಫಿ ತೋಟಗಳಿಗೆ ಒಂಟಿ ಹೋರಿಗಳು ಇಳಿದುಬರುತ್ತವೆ. ಬೆಳಗಿನ ಮಂಜಿನಲ್ಲಿ ಗಿಡಗಳ ಸಾಲಿನ ನಡುವೆ ಬಗ್ಗಿ ಕೆಲಸ ಮಾಡುವ ಕೂಲಿಯವರು ಅರಿಯದೆ ಅವುಗಳ ಹತ್ತಿರಕ್ಕೆ ಹೋಗಿ ಇರಿಸಿಕೊಳ್ಳುವುದೂ, ಪ್ರಾಣ ಬಿಡುವುದೂ ಈಗಲೂ ನಡೆಯುತ್ತಿದೆ. ಅವರ ಕೈಯಲ್ಲಿಯೂ ಕೋವಿಯಿಲ್ಲ.